ಕ್ಲಿಯರ್ ಹೊಡೆಯಲು 1.3 ಟಿಪ್ ಸಾಕಾ, 1.4 ಬೇಕಾ, ಇಲ್ಲ 1.8ಕ್ಕೇ ಹೋಗಲಾ?

ನೀಲಿಬಾನೆಟ್

ಎಲ್ಲರಿಗೂ ನಮಸ್ಕಾರ. ನಾನು ಪೇಂಟರ್ ಅಲ್ಲ. ನನ್ನ ಕಾರಿನ ಬಾನೆಟ್ ನಾನೇ ಹೊಡೆಯುತ್ತೇನೆ ಅಂತ ಹಠ ಹಿಡಿದವನು ಅಷ್ಟೆ. ಪುಟ್ಟಿ, ಪ್ರೈಮರ್, ಬೇಸ್ ಕೋಟ್ ತನಕ ಪರವಾಗಿಲ್ಲ ಅನ್ನುವ ಹಾಗೆ ಬಂತು. ಬಣ್ಣದ ಮೇಲೆ ಕೊನೆಗೆ ಹೊಡೆಯುವ ಪಾರದರ್ಶಕ ಪದರ ಇದೆಯಲ್ಲ, ಆ ಕ್ಲಿಯರ್‌ನಲ್ಲಿ ಕೆಟ್ಟಿತು. ಕಿತ್ತಳೆ ಸಿಪ್ಪೆ ಥರಾ ತರಿತರಿ. ಟ್ಯೂಬ್‌ಲೈಟ್ ಕೆಳಗೆ ನಿಂತು ನೋಡಿದರೆ ಲೈಟಿನ ಗೆರೆ ನೇರವಾಗಿ ಕಾಣಲ್ಲ, ನೀರಲ್ಲಿ ಬಿದ್ದ ಹಾಗೆ ನಡುಗುತ್ತದೆ.

ಗನ್ ಎಚ್‌ವಿಎಲ್‌ಪಿ (ಗಾಳಿ ಜಾಸ್ತಿ, ಒತ್ತಡ ಕಮ್ಮಿ), ಮೇಲೆ ಕಪ್ ಇರುವಂಥದ್ದು, ಟಿಪ್ ಅಂದರೆ ಬಣ್ಣ ಹೊರಬರುವ ನಾಝಲ್ 1.4. ಕ್ಲಿಯರ್ 2ಕೆ (ಹಾರ್ಡ್ನರ್ ಕಲಸಿ ಹೊಡೆಯುವಂಥದ್ದು), ಹೈ ಸಾಲಿಡ್ (ಗಟ್ಟಿ ಅಂಶ ಜಾಸ್ತಿ ಇರುವಂಥದ್ದು), ಹಾರ್ಡ್ನರ್ ಜೊತೆ 2:1. ಗೇಜಿನಲ್ಲಿ ಗಾಳಿಯ ಒತ್ತಡ 29 ಪಿಎಸ್‌ಐ ಇಟ್ಟಿದ್ದೆ, ಗನ್ ಜೊತೆ ಬಂದ ಚೀಟಿಯಲ್ಲಿ ಹಾಗೇ ಇತ್ತು. ಒಂದು ವಿಡಿಯೋದಲ್ಲಿ ಕ್ಲಿಯರ್ ದಪ್ಪ ಇದ್ದರೆ ಟಿಪ್ ದೊಡ್ಡದು ಹಾಕು ಅಂದರು, ಹಾಗಾಗಿ 1.8 ಸೆಟ್ ತರಿಸಿಬಿಟ್ಟೆ. ಆಮೇಲೆ ಪರಿಚಯದವರೊಬ್ಬರು ತರಿ ಹೋಗಬೇಕಾದರೆ 1.2 ಹಾಕಬೇಕು ಅಂದರು. ಈಗ ಎರಡೂ ಕಡೆಯಿಂದ ತಲೆ ಕೆಟ್ಟಿದೆ. ಬಾನೆಟ್ ಪೂರ್ತಿ ಉಜ್ಜಿ ಮತ್ತೆ ಕ್ಲಿಯರ್ ಹೊಡೆಯುವವನಿದ್ದೇನೆ. ಅದಕ್ಕೆ ಮುಂಚೆ ಯಾವ ಟಿಪ್ ಅಂತ ಹೇಳಿ.

ಹಳೇಗನ್

ಆ 1.8 ಡಬ್ಬಿಯಿಂದ ಆಚೆ ತೆಗೆಯಬೇಡಿ. ಅದು ಪ್ರೈಮರ್ ಟಿಪ್. ದಪ್ಪ ಫಿಲ್ಲರ್ ಪ್ರೈಮರ್‌ಗೆ 1.6ರಿಂದ 2.0 ತನಕ ಹಾಕುತ್ತಾರೆ, ಹೇಗಿದ್ದರೂ ಉಜ್ಜಿ ತೆಗೆಯುವ ಪದರ, ಹನಿ ದೊಡ್ಡದಾಗಿ ಬಿದ್ದರೂ ನಡೆಯುತ್ತದೆ. ಕ್ಲಿಯರ್‌ನಲ್ಲಿ ಬಿದ್ದ ಹನಿಯೇ ಕೊನೆಗೆ ಕಾಣುವ ಮೈ.

ಕ್ಲಿಯರ್‌ಗೆ 1.2ರಿಂದ 1.4. ಒಂದೇ ಹೇಳಿ ಅಂದರೆ 1.3. ನಾನು ಅದನ್ನೇ ಹಾಕುವುದು.

ಮೂರನೇಕೋಟು

ಹೈ ಸಾಲಿಡ್‌ಗೆ 1.3 ಅಂದರೆ ಹೇಗೆ ಅಣ್ಣಾ? ಜೇನುತುಪ್ಪದ ಥರಾ ಇರುತ್ತದೆ ಅದು. 1.4 ಹಾಕಿ ಎರಡು ತುಂಬು ಕೋಟ್ ಕೊಟ್ಟರೆ ಗಾಜಿನ ಹಾಗೆ ಕೂರುತ್ತದೆ. 1.3ರಲ್ಲಿ ನಾನು ಹೊಡೆದಾಗೆಲ್ಲ ಒಣಒಣ ಅನ್ನಿಸಿದೆ.

ಹಳೇಗನ್

ಅದು ನಿಮ್ಮ ಕೈ ವೇಗ. ನೀವು ಬೀಸುವ ಸ್ಪೀಡ್‌ಗೆ 1.4 ಸರಿ. ನಾನು ನಿಧಾನ, ನನ್ನ ಕೈಯಲ್ಲಿ 1.4 ಕೊಟ್ಟರೆ ಡೋರ್ ಮೇಲೆಲ್ಲಾ ಕ್ಲಿಯರ್ ಕಣ್ಣೀರಿನ ಹಾಗೆ ಇಳಿಯುತ್ತದೆ. ಇಬ್ಬರದೂ ತಪ್ಪಲ್ಲ.

ಗಾಳಿಲೆಕ್ಕ

ಟಿಪ್ ನಂಬರ್ ಅಂದರೆ ಏನು ಅಂತ ಮೊದಲು ಬಿಡಿಸಿಕೊಳ್ಳೋಣ, ಇಲ್ಲದಿದ್ದರೆ ಈ ಜಗಳ ಮುಗಿಯಲ್ಲ.

1.4 ಅಂದರೆ ನಾಝಲ್ ತೂತಿನ ಅಗಲ 1.4 ಮಿ.ಮೀ. ಬಣ್ಣ ಎಷ್ಟು ಹರಿಯುತ್ತದೆ ಅನ್ನುವುದು ಅಗಲದ ಮೇಲೆ ಅಲ್ಲ, ತೂತಿನ ವಿಸ್ತೀರ್ಣದ ಮೇಲೆ. 1.3ಕ್ಕೆ ಸುಮಾರು 1.33 ಚದರ ಮಿ.ಮೀ., 1.4ಕ್ಕೆ 1.54, 1.8ಕ್ಕೆ 2.54. ಅಂದರೆ 1.3ರಿಂದ 1.4ಕ್ಕೆ ಹೋದರೆ ಶೇ. 16 ಜಾಸ್ತಿ. 1.8ಕ್ಕೆ ಹೋದರೆ ಹತ್ತಿರ ಹತ್ತಿರ ಎರಡರಷ್ಟು. ಕೇಳಲು 0.5 ಅಷ್ಟೇ, ಆದರೆ ಬಾನೆಟ್ ಮೇಲೆ ಬೀಳುವ ಕ್ಲಿಯರ್ ದುಪ್ಪಟ್ಟು.

ಟಿಪ್ ದೊಡ್ಡದಾಯಿತು ಅಂತ ಗಾಳಿ ಜಾಸ್ತಿ ಆಗಲ್ಲ. ಗಾಳಿ ಕುಡಿಯುವುದು ಗನ್ ಮೂತಿಯಲ್ಲಿರುವ ಏರ್ ಕ್ಯಾಪ್, ಟಿಪ್ ಅಲ್ಲ. ಅಷ್ಟೇ ಗಾಳಿ ಎರಡರಷ್ಟು ಕ್ಲಿಯರ್ ಒಡೆಯಬೇಕು ಅಂದರೆ ಹನಿ ದಪ್ಪ ಆಗಲೇಬೇಕು. ದಪ್ಪ ಹನಿ ಹರಡಿಕೊಳ್ಳುವ ಮೊದಲೇ ಗಟ್ಟಿಯಾದರೆ ಅದೇ ಕಿತ್ತಳೆ ಸಿಪ್ಪೆ. ಅಂದರೆ ಇರುವ ರೋಗಕ್ಕೆ ಅದನ್ನೇ ಜಾಸ್ತಿ ಮಾಡುವ ಔಷಧಿ ತರಿಸಿಕೊಂಡಿದ್ದೀರಿ.

ವೀಕೆಂಡ್‌ಪೇಂಟರ್

ಒಂದು ಡೌಟು. 1.8 ಹಾಕಿ ಹಿಂದಿನ ನೀಡಲ್ ತಿರುಪು ಒಳಗೆ ತಿರುಗಿಸಿದರೆ ಬಣ್ಣ ಕಮ್ಮಿ ಬರುತ್ತದೆ ಅಲ್ವಾ? ಆಗ ಅದು 1.3 ಆದ ಹಾಗೇ ತಾನೇ?

ಹಳೇಗನ್

ಆಗಲ್ಲ. ನಾನೂ ಒಂದು ಕಾಲದಲ್ಲಿ ಹಾಗೇ ಅಂದುಕೊಂಡಿದ್ದೆ. ನಾಝಲ್, ಅದರ ತೂತು ಮುಚ್ಚಿ ತೆರೆಯುವ ನೀಡಲ್, ಕ್ಯಾಪ್ ಮೂರೂ ಒಂದಕ್ಕೊಂದು ಅಳತೆ ನೋಡಿ ಮಾಡಿದ ಸೆಟ್. ತಿರುಪು ಅರ್ಧ ಮುಚ್ಚಿದರೆ ನೀಡಲ್ ತುದಿ ತೂತಿನ ಬಾಯಲ್ಲೇ ಕೂತಿರುತ್ತದೆ, ಬಣ್ಣ ಅದರ ಸುತ್ತ ತೆಳ್ಳಗೆ ನುಸುಳಬೇಕು. ಫ್ಯಾನ್ ಅಂದರೆ ಗನ್ನಿಂದ ಬೀಸಣಿಗೆ ಥರಾ ಹರಡುವ ಧಾರೆ, ಅದರ ನಡುವೆ ಸಣ್ಣ ಹನಿ, ಅಂಚಲ್ಲಿ ಏನೂ ಇಲ್ಲ, ಇಲ್ಲಾ ಉಲ್ಟಾ. ಟ್ರಿಗರ್ ಅರ್ಧ ಎಳೆಯುವಷ್ಟರಲ್ಲಿ ಮುಗಿಯುತ್ತದೆ. ತಿರುಪು ಇರುವುದು ಸ್ವಲ್ಪ ಹೊಂದಿಸಿಕೊಳ್ಳಲು, ಟಿಪ್ ಬದಲಿಸಲು ಅಲ್ಲ.

ಅದೇ ಕಾರಣಕ್ಕೆ 1.3 ನಾಝಲ್ ಮಾತ್ರ ತಂದು ಹಳೆಯ 1.4 ನೀಡಲ್ ಇಟ್ಟು ಹೊಡೆಯಬೇಡಿ. ಕೂರುವ ಜಾಗ ಸರಿಯಾಗದೆ ತೊಟ್ಟಿಕ್ಕುತ್ತದೆ. ಅದೂ ಬಾನೆಟ್ ಮಧ್ಯಕ್ಕೇ ತೊಟ್ಟಿಕ್ಕುತ್ತದೆ, ಬೇರೆ ಕಡೆ ಬೀಳಲ್ಲ.

ಸಿಪ್ಪೆಶತ್ರು

ನೀಲಿಬಾನೆಟ್ ಅವರೇ, ಟಿಪ್ ಬಿಡಿ. ಎರಡು ಪ್ರಶ್ನೆ. ತರಿ ಬಾನೆಟ್ ತುಂಬಾ ಒಂದೇ ಥರಾ ಇದೆಯಾ, ಇಲ್ಲ ಒಂದು ಕಡೆ ಜಾಸ್ತಿ ಇದೆಯಾ? ತಿನ್ನರ್ ಎಷ್ಟು ಹಾಕಿದಿರಿ?

ನೀಲಿಬಾನೆಟ್

ತಿನ್ನರ್ ಬಗ್ಗೆ ಹೇಳಲು ನಾಚಿಕೆ. ಮೊದಲ ಕೋಟ್‌ಗೆ ಹಾಕಿರಲಿಲ್ಲ. ತರಿ ಕಂಡಿತು ಅಂತ ಎರಡನೆಯದಕ್ಕೆ ಗಾಬರಿಯಲ್ಲಿ ಸುರಿದೆ. ಶೇ. 25 ಇರಬೇಕು, ಅಳತೆ ಮಾಡಲಿಲ್ಲ.

ಈಗ ಟಾರ್ಚ್ ಹಿಡಿದು ನೋಡಿ ಬಂದೆ. ನೀವು ಕೇಳುವ ತನಕ ಗಮನಿಸಿರಲಿಲ್ಲ. ಎಡಗಡೆ ಅರ್ಧ ಸುಮಾರಾಗಿ ಚೆನ್ನಾಗಿಯೇ ಇದೆ. ನಡುವಿನಿಂದ ಬಲಕ್ಕೆ ಹೋಗ್ತಾ ಹೋಗ್ತಾ ತರಿ ಜಾಸ್ತಿ ಆಗಿದೆ. ಬಲ ಅಂಚಿನಲ್ಲಿ ಕೈ ಇಟ್ಟರೆ ಗೊತ್ತಾಗುವಷ್ಟು.

ಸಿಪ್ಪೆಶತ್ರು

ಎಡದಿಂದ ಶುರು ಮಾಡಿದ್ದಿರಾ?

ನೀಲಿಬಾನೆಟ್

ಹೌದು. ಎರಡೂ ಕೋಟ್ ಎಡದಿಂದ ಬಲಕ್ಕೆ.

ಸಿಪ್ಪೆಶತ್ರು

ಹಾಗಾದರೆ ನಿಮ್ಮ ಟಿಪ್ ಕೆಟ್ಟಿಲ್ಲ. ಟಿಪ್ ತಪ್ಪಿದ್ದರೆ ಮೊದಲ ಬೀಸಿನಿಂದ ಕೊನೆಯ ಬೀಸಿನ ತನಕ ಒಂದೇ ಥರಾ ಕೆಟ್ಟಿರಬೇಕಿತ್ತು. ಅರ್ಧ ಚೆನ್ನಾಗಿ ಹೊಡೆದ ಗನ್ನು ಇನ್ನರ್ಧಕ್ಕೆ ಕೆಟ್ಟಿತು ಅಂದರೆ ಅಷ್ಟರಲ್ಲಿ ಏನೋ ಖಾಲಿ ಆಗಿದೆ. ಕಪ್ಪಿನಲ್ಲಿ ಕ್ಲಿಯರ್ ಇತ್ತು ತಾನೇ? ಉಳಿದದ್ದು ಗಾಳಿ. ಕಂಪ್ರೆಸರ್ ಯಾವುದು, ಪೈಪ್ ಎಷ್ಟು ಉದ್ದ, ಎಷ್ಟು ದಪ್ಪ, ಗೇಜ್ ಎಲ್ಲಿದೆ?

ನೀಲಿಬಾನೆಟ್

2 ಎಚ್‌ಪಿ, 50 ಲೀಟರ್ ಟ್ಯಾಂಕ್. ಪೈಪ್ 15 ಮೀಟರ್, ಒಳಗಿನ ತೂತು 6 ಮಿ.ಮೀ. ಗೇಜ್ ಕಂಪ್ರೆಸರ್ ಮೇಲೇ ಇದೆ. ಕಂಪ್ರೆಸರ್ ಮೇಲೆ 8 ಸಿಎಫ್‌ಎಂ (ನಿಮಿಷಕ್ಕೆ 8 ಘನ ಅಡಿ ಗಾಳಿ) ಅಂತ ಬರೆದಿದೆ.

ಗಾಳಿಲೆಕ್ಕ

ಸಿಕ್ಕಿತು. ಇದಕ್ಕೆ ಕೂತು ಲೆಕ್ಕ ಹಾಕೋಣ, ನನಗೆ ಇದೇ ಖುಷಿ.

ಕಂಪ್ರೆಸರ್ ಮೇಲೆ ಬರೆದಿರುವ 8 ಹೆಚ್ಚಾಗಿ ಅದು ಒಳಗೆ ಎಳೆಯುವ ಗಾಳಿಯ ಲೆಕ್ಕ. ಒತ್ತಡದಲ್ಲಿ ಹೊರಗೆ ಕೊಡುವುದು ಅದಕ್ಕಿಂತ ಕಮ್ಮಿ, 5 ಅಂತ ಇಟ್ಟುಕೊಳ್ಳಿ. ದೊಡ್ಡ ಸೈಜಿನ ಎಚ್‌ವಿಎಲ್‌ಪಿ ಗನ್ನು ಮಾಡೆಲ್ ಮೇಲೆ 9ರಿಂದ 15 ಸಿಎಫ್‌ಎಂ ಕುಡಿಯುತ್ತದೆ. ನಿಮ್ಮದು 12 ಅನ್ನೋಣ.

ಟ್ಯಾಂಕ್ 8 ಬಾರ್ ತುಂಬಿದೆ, ಕಂಪ್ರೆಸರ್ ಆಫ್ ಆಗಿದೆ. ನೀವು ಟ್ರಿಗರ್ ಎಳೆದಿರಿ. 8ರಿಂದ 6 ಬಾರ್‌ಗೆ ಇಳಿದರೆ 50 ಲೀಟರ್ ಟ್ಯಾಂಕಿನಿಂದ ಹೊರಬಂದ ಗಾಳಿ 100 ಲೀಟರ್, ಅಂದರೆ ಮೂರೂವರೆ ಘನ ಅಡಿ. ನಿಮಿಷಕ್ಕೆ 12 ಕುಡಿಯುವ ಗನ್‌ಗೆ ಅದು 17 ಸೆಕೆಂಡಿನ ಊಟ. ಹೆಚ್ಚು ಕಮ್ಮಿ 6 ಬಾರ್‌ಗೆ ಕಂಪ್ರೆಸರ್ ಮತ್ತೆ ಶುರುವಾಗುತ್ತದೆ. ಅದು 5 ಕೊಡುತ್ತದೆ, ಗನ್ 12 ಕೇಳುತ್ತದೆ, 7 ಸಾಲ. 6ರಿಂದ 4 ಬಾರ್‌ಗೆ ಇಳಿಯಲು ಇನ್ನೊಂದು 30 ಸೆಕೆಂಡ್. ಒಟ್ಟು ಮುಕ್ಕಾಲು ನಿಮಿಷ. ಆಮೇಲೆ ಆ ಸಪೂರ ಪೈಪಿನ ಕೊನೆಗೆ ಗನ್‌ಗೆ ಬೇಕಾದಷ್ಟು ಗಾಳಿ ತಲುಪಲ್ಲ.

ಬಾನೆಟ್‌ಗೆ ಒಂದು ಕೋಟ್ ಹೊಡೆಯಲು ನಿಮಗೆ ಎಷ್ಟು ಹೊತ್ತು ಬೇಕಾಯಿತು?

ನೀಲಿಬಾನೆಟ್

ಒಂದೂವರೆ ನಿಮಿಷ ಇರಬಹುದು. ಈಗ ಅರ್ಥ ಆಯಿತು. ಕಂಪ್ರೆಸರ್ ಮಧ್ಯದಲ್ಲಿ ಗುಡುಗಿದ್ದು ನೆನಪಿದೆ, ಆಮೇಲೆ ನಿಲ್ಲಲೇ ಇಲ್ಲ. ಆದರೆ ಗೇಜಿನಲ್ಲಿ 29 ಇತ್ತಲ್ಲ?

ಹಳೇಗನ್

ಟ್ರಿಗರ್ ಎಳೆದು ನೋಡಿದಿರಾ, ಬಿಟ್ಟು ನೋಡಿದಿರಾ?

ನೀಲಿಬಾನೆಟ್

ಬಿಟ್ಟು.

ಹಳೇಗನ್

ಎಲ್ಲರೂ ಮೊದಲ ಸಲ ಮಾಡುವ ತಪ್ಪು. ನಲ್ಲಿ ಮುಚ್ಚಿದಾಗ ಪೈಪಿನಲ್ಲಿ ಎಲ್ಲಾ ಕಡೆ ಒತ್ತಡ ಒಂದೇ. ನಲ್ಲಿ ತೆರೆದಾಗಲೇ, ಅಂದರೆ ಟ್ರಿಗರ್ ಎಳೆದಾಗಲೇ, ಪೈಪ್ ಎಷ್ಟು ತಿನ್ನುತ್ತದೆ ಅಂತ ಗೊತ್ತಾಗುವುದು. 6 ಮಿ.ಮೀ. ಪೈಪು, ಅದರ ಮೇಲೆ 15 ಮೀಟರು, ಜೊತೆಗೆ ಸಣ್ಣ ಕ್ವಿಕ್ ಕಪ್ಲರ್ ಇದ್ದೇ ಇರುತ್ತದೆ. ಆ ಕಡೆ 29 ಇಟ್ಟರೆ ಈ ಕಡೆ ಗನ್‌ಗೆ ಅದರ ಅರ್ಧ ಬಂದರೆ ಪುಣ್ಯ. ಗನ್ ಹಿಡಿಯ ಬುಡದಲ್ಲಿ ಒಂದು ಸಣ್ಣ ಗೇಜ್ ಹಾಕಿ, ಟ್ರಿಗರ್ ಪೂರ್ತಿ ಎಳೆದು ಗಾಳಿ ಹೋಗುತ್ತಿರುವಾಗ ಓದಿ. ಚೀಟಿಯಲ್ಲಿ ಬರೆದಿರುವ ನಂಬರ್ ಅಲ್ಲಿಯದು.

ಇನ್ನೊಂದು. ಎಚ್‌ವಿಎಲ್‌ಪಿ ಅಂದರೆ ಕ್ಯಾಪಿನ ಬಾಯಲ್ಲಿ 10 ಪಿಎಸ್‌ಐ ದಾಟಬಾರದು, ಅದು ಆ ಹೆಸರಿನ ಲೆಕ್ಕ. ಹಿಡಿಯಲ್ಲಿ 26ರಿಂದ 29 ಕೊಟ್ಟರೆ ಕ್ಯಾಪಲ್ಲಿ ಅಷ್ಟು ಬರುವ ಹಾಗೆ ತುಂಬಾ ಗನ್‌ಗಳನ್ನು ಮಾಡಿರುತ್ತಾರೆ. ಹಿಡಿಯಲ್ಲಿ 15 ಬಂದರೆ ಕ್ಯಾಪಲ್ಲಿ ಏನು ಉಳಿಯಿತು? ಬಾಯಿಂದ ಊದಿದ ಹಾಗೆ.

ಮೂರನೇಕೋಟು

ಸರಿ, ಗಾಳಿ ಸಾಲಲಿಲ್ಲ ಅಂತ ಒಪ್ಪಿದೆ. ಆದರೂ ಮೂಲ ಪ್ರಶ್ನೆ ಟಿಪ್ ಬಗ್ಗೆ. ಗಾಳಿ ಕಮ್ಮಿ ಇರುವವರು ಏನು ಹಾಕಬೇಕು?

ಗಾಳಿಲೆಕ್ಕ

ಗಾಳಿ ಕಮ್ಮಿ ಇದ್ದರೆ ಟಿಪ್ ಸಣ್ಣ ಕಡೆಗೆ ಬನ್ನಿ, ದೊಡ್ಡ ಕಡೆಗಲ್ಲ. ಇರುವ ಗಾಳಿಗೆ ಒಡೆಯಲು ಕೊಡುವ ಕ್ಲಿಯರ್ ಕಮ್ಮಿ ಮಾಡಿದ ಹಾಗೆ. ಇವರಿಗೆ 1.3. ತೀರಾ ತೆಳು ಕ್ಲಿಯರ್ ಆಗಿದ್ದರೆ 1.2 ಕೂಡ. ಆದರೆ 1.2ರಲ್ಲಿ ಹೈ ಸಾಲಿಡ್ ಹೊಡೆದು ಬಾನೆಟ್ ಪೂರ್ತಿ ಒದ್ದೆ ಇಟ್ಟುಕೊಳ್ಳುವುದು ಹೊಸಬರಿಗೆ ಕಷ್ಟ, ಮೂರನೇ ಬೀಸಿಗೆ ಮೊದಲನೆಯದು ಒಣಗಲು ಶುರುವಾಗಿರುತ್ತದೆ.

ಕಮ್ಮಿ ಗಾಳಿಗೇ ಅಂತ ಎಲ್‌ವಿಎಲ್‌ಪಿ ಗನ್ ಬರುತ್ತದೆ, 4-5 ಸಿಎಫ್‌ಎಂನಲ್ಲಿ ಕೆಲಸ ಮಾಡುವಂಥದ್ದು ಇದೆ. ಫ್ಯಾನ್ ಸ್ವಲ್ಪ ಕಿರಿದು, ಕೆಲಸ ನಿಧಾನ. ಒಂದು ಬಾನೆಟ್, ಒಂದು ಡೋರ್ ಹೊಡೆಯುವವರಿಗೆ ನಾನು ಅದನ್ನೇ ಹೇಳುವುದು. ಪೂರ್ತಿ ಕಾರಿಗೆ ಹೇಳಲ್ಲ.

ವೀಕೆಂಡ್‌ಪೇಂಟರ್

ನನ್ನ ಹತ್ತಿರ ಗೋಡೆಗೆ ಹೊಡೆಯುವ ಏರ್‌ಲೆಸ್ ಇದೆ, ಅದಕ್ಕೆ 517 ಅಂತ ಟಿಪ್ ಬಂದಿದೆ. ಅದು ಎಷ್ಟು ಮಿ.ಮೀ. ಆಯಿತು? ಅದರಲ್ಲಿ ಕ್ಲಿಯರ್ ಹೊಡೆದರೆ ಕಂಪ್ರೆಸರ್ ಗೋಳೇ ಇಲ್ಲ ಅಲ್ವಾ?

ಹಳೇಗನ್

ಅಯ್ಯೋ ಬೇಡ ಮಾರಾಯ್ರೆ. ಅದು ಬೇರೆಯೇ ಲೋಕ. 517ರಲ್ಲಿ 5 ಅಂದರೆ ಸುಮಾರು 10 ಇಂಚು ಫ್ಯಾನ್, 17 ಅಂದರೆ ಇಂಚಿನ ಸಾವಿರದ 17 ಭಾಗದ ತೂತು, ಅಂದರೆ 0.43 ಮಿ.ಮೀ. ಅಲ್ಲಿ ಗಾಳಿ ಇಲ್ಲ, ಬಣ್ಣವನ್ನೇ ಸಾವಿರಾರು ಪಿಎಸ್‌ಐನಲ್ಲಿ ತೂತಿಂದ ತಳ್ಳುತ್ತಾರೆ. ಕಾರಿನ ಮೇಲೆ ಹೊಡೆದರೆ ಎರಡು ಸೆಕೆಂಡಿಗೆ ಕ್ಲಿಯರ್ ಕೆಳಗೆ ನೆಲದ ಮೇಲಿರುತ್ತದೆ. ಗೋಡೆಗೇ ಇರಲಿ.

ಸಿಪ್ಪೆಶತ್ರು

ಮತ್ತೆ ಬಾನೆಟ್‌ಗೆ ಬರೋಣ. ಆ ಶೇ. 25 ತಿನ್ನರ್ ನನ್ನನ್ನು ಕಾಡುತ್ತಿದೆ. ಕ್ಲಿಯರ್ ಡಬ್ಬಿಗೆ ಒಂದು ಟೆಕ್ನಿಕಲ್ ಶೀಟ್ ಇರುತ್ತದೆ, ಕಂಪನಿಯವರೇ ಹಾಕಿರುತ್ತಾರೆ. ಅದರಲ್ಲಿ ಮಿಶ್ರಣ, ತಿನ್ನರ್ ಎಷ್ಟು, ಟಿಪ್ ಎಷ್ಟು, ಒತ್ತಡ ಎಷ್ಟು, ಕೋಟ್ ನಡುವೆ ಎಷ್ಟು ನಿಮಿಷ, ಎಲ್ಲಾ ಇರುತ್ತದೆ. ನಾವು ಇಲ್ಲಿ ಎಷ್ಟು ಹೊಡೆದಾಡಿಕೊಂಡರೂ ಕೊನೆ ಮಾತು ಅದರದ್ದೇ. ನಿಮ್ಮ ಶೀಟ್ ಏನು ಹೇಳುತ್ತದೆ?

ನೀಲಿಬಾನೆಟ್

ಈಗ ಹುಡುಕಿ ಓದಿದೆ. ಟಿಪ್ 1.3–1.4. ತಿನ್ನರ್ ಶೇ. 0–10. 20 ಡಿಗ್ರಿಯಲ್ಲಿ ಡಿನ್ 4 ಕಪ್‌ನಲ್ಲಿ 16ರಿಂದ 18 ಸೆಕೆಂಡ್. ಎರಡು ಕೋಟ್, ನಡುವೆ 5ರಿಂದ 10 ನಿಮಿಷ. ಒಣಗಿದ ಮೇಲೆ 50–60 ಮೈಕ್ರಾನ್. ಡಿನ್ ಕಪ್ ಅಂದರೆ ಏನು?

ಸಿಪ್ಪೆಶತ್ರು

ತಳದಲ್ಲಿ 4 ಮಿ.ಮೀ. ತೂತಿರುವ ಸಣ್ಣ ಕಪ್. ತುಂಬಿಸಿ, ತೂತಿಂದ ಬೆರಳು ತೆಗೆದು, ಧಾರೆ ಕಡಿಯುವ ತನಕ ಸೆಕೆಂಡ್ ಎಣಿಸಬೇಕು. 16 ಸೆಕೆಂಡ್ ಅಂದರೆ ತೆಳು ಕಡೆಗೆ, 25 ಅಂದರೆ ದಪ್ಪ. ಫೋರ್ಡ್ 4 ಅಂತ ಇನ್ನೊಂದು ಕಪ್ ಇದೆ, ಅದರ ಸೆಕೆಂಡ್ ಬೇರೆ, ಎರಡನ್ನೂ ಕಲಸಬೇಡಿ.

ಟಿಪ್ ಆರಿಸುವ ವಿಷಯ ಅಸಲಿಗೆ ಈ ಕಪ್‌ನಲ್ಲಿದೆ. ಡಬ್ಬಿ ಮೇಲೆ ಹೈ ಸಾಲಿಡ್ ಅಂತ ಬರೆದಿದೆ ಅಂತ ದಪ್ಪ ಅಂದುಕೊಳ್ಳಬೇಡಿ. ಹಾರ್ಡ್ನರ್ ಬಿದ್ದ ಮೇಲೆ ಎಷ್ಟು ದಪ್ಪ ಅನ್ನುವುದೇ ಲೆಕ್ಕ. ಬರೀ ಕ್ಲಿಯರ್ ಜೇನುತುಪ್ಪ ಇರಬಹುದು, ಹಾರ್ಡ್ನರ್ ನೀರಿನ ಹಾಗಿರುತ್ತದೆ, 2:1 ಕಲಸಿದ ಮೇಲೆ 17 ಸೆಕೆಂಡಿಗೆ ಬಂದರೆ 1.3ರಲ್ಲಿ ಸಲೀಸಾಗಿ ಹೋಗುತ್ತದೆ. ಅದೇ ಕ್ಲಿಯರ್ ತಣ್ಣಗಿನ ಕೋಣೆಯಲ್ಲಿ ರಾತ್ರಿ ಇಟ್ಟು ಬೆಳಗ್ಗೆ ತೆಗೆದರೆ 24 ಸೆಕೆಂಡ್ ಆಗಿರುತ್ತದೆ. ಆಗ 1.4 ಬೇಕು ಅನ್ನಿಸುತ್ತದೆ. ಬೇಕಾಗಿರುವುದು ಡಬ್ಬಿ ಸ್ವಲ್ಪ ಬೆಚ್ಚಗಾಗುವುದು.

ತಿನ್ನರ್ ಜಾಸ್ತಿ ಆದರೆ ಆ ಹೊತ್ತಿಗೆ ಹೊಳೆಯುತ್ತದೆ, ಒಳಗೆ ಸಿಕ್ಕಿಕೊಂಡದ್ದು ವಾರಗಟ್ಟಲೆ ಹೊರಗೆ ಹೋಗುತ್ತಾ ಹೊಳಪು ಸತ್ತುಹೋಗುತ್ತದೆ. ಡೋರ್ ಆಗಿದ್ದರೆ ಇಳಿದೂ ಇರುತ್ತಿತ್ತು.

ಮೂರನೇಕೋಟು

ಅಂದರೆ ಶೀಟ್‌ನಲ್ಲೂ 1.3 ಮತ್ತು 1.4 ಎರಡೂ ಇದೆ. ನಾನೂ ಗೆದ್ದೆ, ಹಳೇಗನ್ ಅಣ್ಣನೂ ಗೆದ್ದರು.

ಹಳೇಗನ್

ನಾನು ಸ್ವಲ್ಪ ಜಾಸ್ತಿ ಗೆದ್ದೆ.

ಒದ್ದೆಅಂಚು

ತಡವಾಗಿ ಬಂದೆ, ಒಂದು ಪರೀಕ್ಷೆ ಹೇಳಿ ಹೋಗುತ್ತೇನೆ. ಬಾನೆಟ್ ಮುಟ್ಟುವ ಮೊದಲು ಗೋಡೆಗೆ ಮಾಸ್ಕಿಂಗ್ ಪೇಪರ್ ಅಂಟಿಸಿ. ಗನ್ 15ರಿಂದ 20 ಸೆಂ.ಮೀ. ದೂರ, ಒಂದೇ ಸಲ ಟಕ್ ಅಂತ ಟ್ರಿಗರ್ ಎಳೆದು ಬಿಡಿ. ಉದ್ದನೆ ಮೊಟ್ಟೆ ಆಕಾರ ಬರಬೇಕು, ಅಂಚಿನಲ್ಲಿ ಪುಡಿಹನಿ. ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ದಪ್ಪ ಹನಿ ಕಂಡರೆ ಗಾಳಿ ಕಮ್ಮಿ, ಇಲ್ಲ ಟಿಪ್ ದೊಡ್ಡದು, ಇಲ್ಲ ಕ್ಲಿಯರ್ ದಪ್ಪ.

ಆಮೇಲೆ ಕ್ಯಾಪ್ 90 ಡಿಗ್ರಿ ತಿರುಗಿಸಿ ಫ್ಯಾನ್ ಅಡ್ಡ ಮಾಡಿ, ಹನಿ ಕೆಳಗೆ ಇಳಿಯುವ ತನಕ ಒಂದೇ ಕಡೆ ಹೊಡೆಯಿರಿ. ಇಳಿದ ಗೆರೆಗಳ ಉದ್ದ ನೋಡಿ. ಎಲ್ಲಾ ಹೆಚ್ಚು ಕಮ್ಮಿ ಒಂದೇ ಉದ್ದ ಇದ್ದರೆ ಗನ್ ಸರಿ ಇದೆ. ನಡುವಿನವು ಮಾತ್ರ ಉದ್ದ ಇಳಿದರೆ ಬಣ್ಣ ಜಾಸ್ತಿ, ಗಾಳಿ ಕಮ್ಮಿ. ಎರಡು ತುದಿಯಲ್ಲಿ ಉದ್ದ ಇಳಿದು ನಡುವೆ ಗಿಡ್ಡ ಇದ್ದರೆ ಒತ್ತಡ ಜಾಸ್ತಿ, ಇಲ್ಲ ಬಣ್ಣ ಸಾಲುತ್ತಿಲ್ಲ. ಒಂದು ಪಕ್ಕಕ್ಕೆ ಮಾತ್ರ ಜಾಸ್ತಿ ಇಳಿದರೆ ಏನೋ ಕಟ್ಟಿಕೊಂಡಿದೆ. ಕ್ಯಾಪನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಹೊಡೆಯಿರಿ. ದೋಷ ಕ್ಯಾಪ್ ಜೊತೆ ಆ ಕಡೆ ಹೋದರೆ ಕ್ಯಾಪ್ ತೊಳೆಯಿರಿ, ಇದ್ದಲ್ಲೇ ಇದ್ದರೆ ನಾಝಲ್ ನೋಡಿ.

ತೊಳೆಯಲು ತಂತಿ ಹಾಕಬೇಡಿ. ನನ್ನ ಹಳೆಯ 1.3ಕ್ಕೆ ಯಾರೋ ಸ್ಟೀಲ್ ತಂತಿ ಹಾಕಿ ಕೆದಕಿದ್ದರು, ಅವತ್ತಿನಿಂದ ಅದರ ಫ್ಯಾನ್ ಬಾಳೆಹಣ್ಣಿನ ಥರಾ ಬಗ್ಗಿದೆ. ತೂತಿನ ಬಾಯಿ ಗೀರಿದ ಮೇಲೆ ಅದು ಯಾವ ನಂಬರ್ ಆದರೂ ಒಂದೇ.

ನೀಲಿಬಾನೆಟ್

ಒಂದು ಮಾತು ಕೇಳಲಾ. ಮಾಸ್ಕ್ ಯಾವುದು ಹಾಕಬೇಕು? ನಾನು ಬಟ್ಟೆ ಮಾಸ್ಕ್ ಕಟ್ಟಿಕೊಂಡು ಹೊಡೆದಿದ್ದೆ.

ಹಳೇಗನ್

ಇದನ್ನು ಮೊದಲೇ ಕೇಳಬೇಕಿತ್ತು. ಬಟ್ಟೆ ಮಾಸ್ಕ್ ಇದಕ್ಕೆ ಏನೂ ಅಲ್ಲ. 2ಕೆ ಹಾರ್ಡ್ನರ್‌ನಲ್ಲಿ ಐಸೊಸಯನೇಟ್ ಇರುತ್ತದೆ. ಅದರ ವಾಸನೆ ಬರುವ ಹೊತ್ತಿಗೆ ನೀವು ಆಗಲೇ ಜಾಸ್ತಿ ಉಸಿರಾಡಿರುತ್ತೀರಿ. ಬಹಳ ಜನಕ್ಕೆ ಒಂದು ದಿನ ಏನೂ ಆಗಲ್ಲ, ಎರಡನೇ ದಿನ ಏನೂ ಆಗಲ್ಲ, ಆಮೇಲೆ ಒಂದು ದಿನ ಮೈ ಅದನ್ನು ಹಗೆ ಅಂತ ಗುರುತು ಹಿಡಿಯುತ್ತದೆ. ಆಮೇಲೆ ಒಂದಿಷ್ಟು ತಾಗಿದರೂ ಆಸ್ತಮಾ ಥರಾ ಎದೆ ಕಟ್ಟುತ್ತದೆ, ಕೆಲಸವನ್ನೇ ಬಿಡಬೇಕಾಗುತ್ತದೆ. ನನ್ನ ಜೊತೆ ಹೊಡೆಯುತ್ತಿದ್ದ ಒಬ್ಬರು ಈಗ ಬಣ್ಣದ ಕೋಣೆಯ ಬಾಗಿಲಿಗೂ ಬರಲ್ಲ.

ಹೊರಗಿನಿಂದ ಶುದ್ಧ ಗಾಳಿ ಕೊಡುವ ಮಾಸ್ಕೇ ಸರಿಯಾದದ್ದು. ಅದು ಸಿಗದಿದ್ದರೆ ಮುಖಕ್ಕೆ ಬಿಗಿಯಾಗಿ ಕೂರುವ ಕಾರ್ಟ್ರಿಡ್ಜ್ ರೆಸ್ಪಿರೇಟರ್, ಆರ್ಗಾನಿಕ್ ವೇಪರ್ ಜೊತೆ ಪರ್ಟಿಕ್ಯುಲೇಟ್ ಫಿಲ್ಟರ್, ಕಾರ್ಟ್ರಿಡ್ಜ್ ಹೊಸದು. ಗಡ್ಡ ಇದ್ದರೆ ಕೂರಲ್ಲ. ಕೈಗವಸು, ಕನ್ನಡಕ, ಪೂರ್ತಿ ತೋಳು. ಅದು ಯಾವುದೂ ಇಲ್ಲ ಅಂದರೆ ಕ್ಲಿಯರ್ ಮಾತ್ರ ಪೇಂಟ್ ಬೂತ್ (ಬಣ್ಣ ಹೊಡೆಯುವ ಮುಚ್ಚಿದ ಕೋಣೆ) ಇರುವವರ ಹತ್ತಿರ ಹೊಡೆಸಿ. ಇದರಲ್ಲಿ ನಾಚಿಕೆ ಏನಿಲ್ಲ.

ನೀಲಿಬಾನೆಟ್

ಗೊತ್ತಾಯಿತು. ರೆಸ್ಪಿರೇಟರ್ ಬರುವ ತನಕ ಗನ್ ಮುಟ್ಟಲ್ಲ. ಅಷ್ಟರಲ್ಲಿ ಬಾನೆಟ್ ಉಜ್ಜುತ್ತೇನೆ, 800 ಪೇಪರ್ ಸಾಕಾ?

ಸಿಪ್ಪೆಶತ್ರು

800ರಲ್ಲಿ ತರಿ ತೆಗೆಯಿರಿ, 1000ದಲ್ಲಿ ನೀರು ಹಾಕಿ ಒಂದು ಸಲ ಎಳೆಯಿರಿ. ಅಂಚುಗಳಲ್ಲಿ ಕೈ ಹಗುರ ಇರಲಿ, ಬೇಸ್ ಕಂಡರೆ ಮತ್ತೆ ಬೇಸ್ ಹೊಡೆಯಬೇಕು. ಹೊಳೆಯುವ ಚುಕ್ಕೆ ಒಂದೂ ಉಳಿಯಬಾರದು, ಅಲ್ಲಿ ಹೊಸ ಕ್ಲಿಯರ್ ಹಿಡಿಯಲ್ಲ.

ನೀಲಿಬಾನೆಟ್

ವಾರ ಆಯಿತು, ವರದಿ ಒಪ್ಪಿಸುತ್ತೇನೆ.

1.3 ಸೆಟ್ ತಂದೆ, ನಾಝಲ್, ನೀಡಲ್, ಕ್ಯಾಪ್ ಮೂರೂ. 10 ಮಿ.ಮೀ. ಪೈಪ್, 6 ಮೀಟರ್ ಮಾತ್ರ. ಗೆಳೆಯನ ಕಂಪ್ರೆಸರ್ ಎತ್ತಿಕೊಂಡು ಬಂದು ವೈ ಜಾಯಿಂಟ್ ಹಾಕಿ ಎರಡನ್ನೂ ಜೋಡಿಸಿದೆ, ಬೇರೆ ಬೇರೆ ಸಾಕೆಟ್ಟಿಗೆ ಕೊಟ್ಟೆ. ನೀರು ತಡೆಯುವ ಫಿಲ್ಟರ್ ಹೊಸದು. ಗನ್ ಬುಡಕ್ಕೆ ಗೇಜ್ ಹಾಕಿ ಮೊದಲು ಹಳೆಯ ಪೈಪಿನಲ್ಲೇ ನೋಡಿದೆ. ಕಂಪ್ರೆಸರ್ 29, ಟ್ರಿಗರ್ ಎಳೆದ ತಕ್ಷಣ ಗನ್ ಹತ್ತಿರ 13. ಮುಳ್ಳು ಬೀಳುವುದನ್ನು ನೋಡಿ ನಗು ಬಂತು. ಹೊಸ ಪೈಪಿನಲ್ಲಿ ಆ ಕಡೆ 33 ಇಟ್ಟರೆ ಈ ಕಡೆ 28.

ಕಪ್ ಪರೀಕ್ಷೆ ಮಾಡಿದೆ, 19 ಸೆಕೆಂಡ್ ಬಂತು. ಶೇ. 5 ತಿನ್ನರ್ ಹಾಕಿದೆ, 17ಕ್ಕೆ ಇಳಿಯಿತು. ಕುತೂಹಲಕ್ಕೆ ಪೇಪರ್ ಮೇಲೆ 1.8 ಸೆಟ್ ಕೂಡ ಹಾಕಿ ನೋಡಿದೆ. ಅಂಚಿನಲ್ಲಿ ಗೊದಮೊಟ್ಟೆಗಳ ಥರಾ ಬಾಲ ಇರುವ ಹನಿಗಳು, ನಡುವೆ ತಕ್ಷಣ ಇಳಿಯಲು ಶುರು. 1.3ರಲ್ಲಿ ಅದೇ ಪೇಪರ್ ಮೇಲೆ ಅಂಚು ಮಂಜಿನ ಹಾಗೆ. ಎರಡೂ ಪಕ್ಕದಲ್ಲಿ ಇಟ್ಟು ನೋಡಿದ ಮೇಲೆ ಯಾರೂ ಏನೂ ಹೇಳುವುದು ಬೇಕಿರಲಿಲ್ಲ.

ಬಾನೆಟ್ ಎರಡು ಕೋಟ್, ನಡುವೆ 10 ನಿಮಿಷ. ಟ್ಯೂಬ್‌ಲೈಟ್ ಗೆರೆ ಈ ಕಡೆಯಿಂದ ಆ ಕಡೆ ತನಕ ನೇರ ಬಂತು. ಪೂರ್ತಿ ಕನ್ನಡಿ ಅಲ್ಲ, ಹತ್ತಿರದಿಂದ ನೋಡಿದರೆ ಒಂಚೂರು ಅಲೆ ಇದೆ, ಕಾರ್ಖಾನೆಯಿಂದ ಬಂದ ಫೆಂಡರ್ ಮೇಲೂ ಅಷ್ಟೇ ಇದೆ. ಒಂದು ತಪ್ಪು ಮಾಡಿದೆ. ಮುಂದಿನ ಅಂಚು ಕೆಳಗೆ ಬಾಗುವ ಕಡೆ ಖುಷಿಯಲ್ಲಿ ಕೈ ನಿಂತಿತು, ಎರಡು ಇಂಚು ಉದ್ದದ ಒಂದು ಕಣ್ಣೀರು ಇಳಿದಿದೆ. ಏನು ಮಾಡಲಿ?

ಹಳೇಗನ್

ಈಗ ಮುಟ್ಟಬೇಡಿ. ಬೆರಳು ಒತ್ತಿದರೆ ಗುರುತು ಬೀಳದಷ್ಟು ಗಟ್ಟಿ ಆಗಲಿ, ಕಣ್ಣೀರು ದಪ್ಪ ಇರುವುದರಿಂದ ಉಳಿದ ಕಡೆಗಿಂತ ತಡವಾಗಿ ಒಣಗುತ್ತದೆ. ಆಮೇಲೆ ಸುತ್ತ ಟೇಪ್ ಹಾಕಿ, ಗಟ್ಟಿ ಬ್ಲಾಕ್ ಮೇಲೆ 1500 ಪೇಪರ್ ಸುತ್ತಿ, ಉಬ್ಬಿನ ತಲೆ ಮಾತ್ರ ತೆಗೆಯಿರಿ. ಮೆತ್ತನೆ ಸ್ಪಂಜಿನಲ್ಲಿ ಉಜ್ಜಿದರೆ ಪಕ್ಕದ್ದೂ ಹೋಗುತ್ತದೆ, ಉಬ್ಬು ಉಬ್ಬಾಗೇ ಉಳಿಯುತ್ತದೆ. ಸಮ ಆದಮೇಲೆ 2000, 3000, ಪಾಲಿಷ್.

ಮೂರನೇಕೋಟು

1.4ರಲ್ಲಿ ಹೊಡೆದಿದ್ದರೆ ನಾಲ್ಕು ಇಂಚು ಇಳಿಯುತ್ತಿತ್ತು. ಇದನ್ನು ನಾನೇ ಹೇಳುತ್ತಿದ್ದೇನೆ, ಯಾರೂ ಉಳಿಸಿಟ್ಟುಕೊಳ್ಳಬೇಡಿ.

ನೀಲಿಬಾನೆಟ್

ಆ 1.8 ಸೆಟ್ ಏನು ಮಾಡಲಿ? ವಾಪಸ್ ತಗೊಳ್ಳಲ್ಲ ಅಂದರು.

ಹಳೇಗನ್

ಡೋರ್‌ಗೆ ಪುಟ್ಟಿ ಹಾಕಿದ್ದೀರಿ ಅಂತ ಫೋಟೋದಲ್ಲಿ ಕಂಡಿತು. ಅದರ ಪ್ರೈಮರ್‌ಗೆ ಅದೇ ಹಾಕಿ. ಸಾಧ್ಯವಾದರೆ ಪ್ರೈಮರ್‌ಗೆ ಬೇರೆ ಗನ್ ಇಟ್ಟುಕೊಳ್ಳಿ, ಕ್ಲಿಯರ್ ಗನ್ನಿನೊಳಗೆ ಬೂದು ಕಣ ಒಂದು ಉಳಿದರೂ ನೀಲಿ ಬಾನೆಟ್ ಮೇಲೆ ಅದೇ ಮೊದಲು ಕಾಣುತ್ತದೆ.